ಕ್ರೆಡಿಟ್ ಕಾರ್ಡ್ ಪಾಯಿಂಟ್‌ನಿಂದ ಥೀಮ್ ಪಾರ್ಕ್ ಹೋಟೆಲ್: ಕೋಣೆ ಕಾದಿರಿಸುವ ಮೊದಲು ಮಾಡಬೇಕಾದ ಲೆಕ್ಕ

ಏಪ್ರಿಲ್ ರಜೆ ಹತ್ತಿರವಾದಾಗ ಒಮ್ಮೆ, ನವರಾತ್ರಿ ರಜೆಗೆ ಎರಡು ತಿಂಗಳಿರುವಾಗ ಇನ್ನೊಮ್ಮೆ, ಮಂಗಳೂರು ಮತ್ತು ಉಡುಪಿಯ ಓದುಗರು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಟ್ಟ ಪಾಯಿಂಟ್ ಇಷ್ಟು ಸಾವಿರ ಸೇರಿದೆ, ಮಕ್ಕಳನ್ನು ಬಿಡದಿಯ ವಂಡರ್‌ಲಾಕ್ಕೋ ದುಬೈಗೋ ಕರೆದುಕೊಂಡು ಹೋಗಬೇಕು, ಅಲ್ಲಿಯ ಹೋಟೆಲ್ ಕೋಣೆಗೆ ಈ ಪಾಯಿಂಟ್ ಸಲ್ಲುತ್ತದೆಯೇ? ಸಲ್ಲುತ್ತದೆ. ಆದರೆ ಅದೇ 20,000 ಪಾಯಿಂಟ್ ಒಂದು ದಾರಿಯಲ್ಲಿ 4,000 ರೂಪಾಯಿಯಾಗಿ, ಮತ್ತೊಂದು ದಾರಿಯಲ್ಲಿ 8,000 ರೂಪಾಯಿಯಾಗಿ ಒದಗಬಹುದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಎಂಬ ಐದು ಬ್ಯಾಂಕುಗಳು ಹುಟ್ಟಿದ ಈ ನೆಲದಲ್ಲಿ ಪಾಸ್‌ಬುಕ್ಕಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದುವವರು ಇದ್ದಾರೆ. ಅಂಥವರೂ ಪಾಯಿಂಟ್‌ನ ಲೆಕ್ಕವನ್ನು ಮಾತ್ರ ಓದದೆ ಬಿಡುವುದನ್ನು ಕಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಕಾರ್ಡಿನ ಇತ್ತೀಚಿನ ಸ್ಟೇಟ್‌ಮೆಂಟ್, ಬ್ಯಾಂಕಿನ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್, ಮನೆಮಂದಿಯ ಗುರುತಿನ ಚೀಟಿಗಳು, ಹೊರದೇಶವಾದರೆ ಪಾಸ್‌ಪೋರ್ಟ್, ಒಂದು ಹಾಳೆ ಮತ್ತು ಒಂದು ಗಂಟೆಯ ಬಿಡುವು ಇದ್ದರೆ ಸಾಕು.

1. ಮೊದಲು ಬಾಕಿಯನ್ನು ನೋಡಿ

ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿಯಾಗಿ ಕಟ್ಟುವವರಿಗೆ ಮಾತ್ರ ಪಾಯಿಂಟ್ ಲಾಭ. ಬಾಕಿಯನ್ನು ಮುಂದಕ್ಕೆ ತಳ್ಳುತ್ತಿರುವವರು 50,000 ರೂಪಾಯಿಯ ಮೇಲೆ ತಿಂಗಳಿಗೆ ಶೇ 3.5ರಂತೆ 1,750 ರೂಪಾಯಿ ಬಡ್ಡಿಯನ್ನೂ ಅದರ ಮೇಲೆ ಶೇ 18 ಜಿಎಸ್‌ಟಿಯನ್ನೂ ಸೇರಿಸಿ 2,065 ರೂಪಾಯಿ ಕೊಡುತ್ತಾರೆ. ಅಷ್ಟೇ ಖರ್ಚಿಗೆ ಸಾಮಾನ್ಯ ಕಾರ್ಡಿನಲ್ಲಿ ಸಿಗುವ ಪಾಯಿಂಟ್‌ನ ಬೆಲೆ ಕೆಲವು ನೂರು ರೂಪಾಯಿಗಳನ್ನು ದಾಟುವುದಿಲ್ಲ. ನಿಮ್ಮ ಸ್ಥಿತಿ ಇದಾಗಿದ್ದರೆ ಇರುವ ಪಾಯಿಂಟ್‌ಗಳನ್ನು ಬಿಲ್ಲಿಗೇ ಹೊಂದಿಸಿ (ಅಂದರೆ ಅವುಗಳ ಬೆಲೆಯನ್ನು ಬಿಲ್ಲಿನ ಮೊತ್ತದಿಂದ ಕಳೆಯಿಸಿ), ಬಾಕಿಯನ್ನು ತೀರಿಸಿ, ಪ್ರವಾಸದ ಯೋಚನೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

2. ಕೈಯಲ್ಲಿ ಏನಿದೆ ಎಂದು ಬರೆಯಿರಿ

ಹಾಳೆಯ ಮೇಲೆ ಪ್ರತಿ ಕಾರ್ಡಿಗೂ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ಪಾಯಿಂಟ್‌ಗಳ ಸಂಖ್ಯೆ, ಅವು ಮುಗಿಯುವ ದಿನಾಂಕ, ಅವುಗಳನ್ನು ಬಳಸಲು ಬ್ಯಾಂಕು ವಿಧಿಸುವ ಶುಲ್ಕ, ಮತ್ತು ಬಳಸಲು ಇರುವ ದಾರಿಗಳು. ಪಾಯಿಂಟ್ ಬಳಸುವುದನ್ನು ಬ್ಯಾಂಕಿನವರು ರಿಡೀಮ್ ಮಾಡುವುದು ಎನ್ನುತ್ತಾರೆ. ಅದಕ್ಕೆ ಹಲವು ಕಾರ್ಡ್‌ಗಳಲ್ಲಿ ಪ್ರತಿ ಸಲ 99 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ಆದ್ದರಿಂದ ಸಾವಿರ ಸಾವಿರವಾಗಿ ಮೂರು ಸಲ ಬಳಸುವುದಕ್ಕಿಂತ ಒಮ್ಮೆಗೇ ಬಳಸುವುದು ಮೇಲು.

ಇಲ್ಲಿಯೇ ಮತ್ತೊಂದು ವಿಷಯವನ್ನು ಹೇಳಿಬಿಡುತ್ತೇನೆ. ಮದುವೆಯ ಚಿನ್ನವನ್ನು ಕಾರ್ಡಿನಲ್ಲಿ ಕೊಂಡು ಆಮೇಲೆ ಕಂತಿಗೆ ಬದಲಿಸಿದರೆ ಅದಕ್ಕೆ ಬಂದ ಪಾಯಿಂಟ್‌ಗಳನ್ನು ಹಲವು ಬ್ಯಾಂಕುಗಳು ಹಿಂದಕ್ಕೆ ಪಡೆಯುತ್ತವೆ. ಮನೆ ಬಾಡಿಗೆ, ಪೆಟ್ರೋಲ್, ವಾಲೆಟ್‌ಗೆ ತುಂಬಿದ ಹಣ, ಇವಕ್ಕೆ ಬಹುತೇಕ ಪಾಯಿಂಟ್ ಸಿಗುವುದಿಲ್ಲ. ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಓದುವ ಮಗಳ ಕಾಲೇಜು ಶುಲ್ಕವನ್ನು ಯಾವುದೋ ಪಾವತಿ ಆ್ಯಪ್‌ನ ಮೂಲಕ ಕಟ್ಟಿ ದೊಡ್ಡ ಮೊತ್ತದ ಪಾಯಿಂಟ್ ನಿರೀಕ್ಷಿಸುವವರು, ಕಟ್ಟುವ ಮೊದಲೇ ತಮ್ಮ ಕಾರ್ಡಿನ ನಿಯಮದಲ್ಲಿ ಆ ಬಗೆಯ ಖರ್ಚು ಸೇರಿದೆಯೇ ಎಂದು ನೋಡಬೇಕು.

ಎಚ್ಚರಿಕೆ: "ನಿಮ್ಮ ರಿವಾರ್ಡ್ ಪಾಯಿಂಟ್ ಇಂದು ರಾತ್ರಿಯೇ ಮುಗಿಯುತ್ತದೆ, ಈ ಆ್ಯಪ್ ಹಾಕಿಕೊಂಡು ಹಣ ಪಡೆಯಿರಿ" ಎಂಬ ಸಂದೇಶ ಮೊಬೈಲಿಗೆ ಬಂದರೆ ಅದು ಮೋಸ. ಯಾವ ಬ್ಯಾಂಕೂ ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್‌ನ ಕಡತವನ್ನು ಕಳುಹಿಸುವುದಿಲ್ಲ. ಪಾಯಿಂಟ್‌ನ ವಿಷಯವನ್ನು ಬ್ಯಾಂಕಿನ ಅಧಿಕೃತ ಆ್ಯಪ್ ತೆರೆದು ನೀವೇ ನೋಡಿ. ಹಣ ಹೋಗಿಯೇಬಿಟ್ಟರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಕಾರ್ಡನ್ನು ಬ್ಲಾಕ್ ಮಾಡಿಸಿ. ನೀವಾಗಿ ಒಟಿಪಿ ಕೊಟ್ಟ ಪ್ರಕರಣದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ಗ್ರಾಹಕರೇ ಹೊರಬೇಕಾಗುತ್ತದೆ. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಆದ್ದರಿಂದ ನಾಚಿಕೆಪಟ್ಟು ಸುಮ್ಮನಿರುವ ಪ್ರತಿ ನಿಮಿಷವೂ ನಿಮ್ಮ ಖರ್ಚೇ.

3. ಆ ಹೋಟೆಲ್ ಯಾವ ಬಳಗಕ್ಕೆ ಸೇರಿದ್ದು ಎಂದು ತಿಳಿಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ದೊಡ್ಡ ಹೋಟೆಲ್ ಬಳಗಗಳಿಗೆ ತಮ್ಮದೇ ಲಾಯಲ್ಟಿ ಯೋಜನೆ, ಅಂದರೆ ಮತ್ತೆ ಮತ್ತೆ ಬರುವ ಗ್ರಾಹಕರಿಗೆ ಪಾಯಿಂಟ್ ಕೊಡುವ ಸದಸ್ಯತ್ವ ಯೋಜನೆ, ಇರುತ್ತದೆ. ಮ್ಯಾರಿಯಟ್ ಬಳಗದ್ದು ಬಾನ್‌ವಾಯ್, ಹಿಲ್ಟನ್‌ನದು ಆನರ್ಸ್, ಅಕೋರ್‌ನದು ಆಲ್. ಸದಸ್ಯತ್ವ ಉಚಿತ. ನಿಮ್ಮ ಬ್ಯಾಂಕು ತನ್ನ ಪಾಯಿಂಟ್‌ಗಳನ್ನು ಇಂಥ ಯೋಜನೆಗೆ ವರ್ಗಾಯಿಸಲು ಬಿಡುವುದಾದರೆ ಆ ಯೋಜನೆಯನ್ನು ಟ್ರಾನ್ಸ್‌ಫರ್ ಪಾರ್ಟ್‌ನರ್ ಎನ್ನುತ್ತಾರೆ.

ನಮ್ಮ ಕಡೆಯಿಂದ ಜನರು ಹೋಗುವ ಜಾಗಗಳನ್ನು ಈ ದೃಷ್ಟಿಯಿಂದ ನೋಡೋಣ.

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿರುವ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಪಾರ್ಕಿಗೆ ಅಂಟಿಕೊಂಡ ರೆಸಾರ್ಟ್ 2012ರಲ್ಲಿ ಬಂತು. ಇದು ಆ ಕಂಪನಿಯದೇ ರೆಸಾರ್ಟ್, ಮೇಲೆ ಹೇಳಿದ ಯಾವ ಬಳಗಕ್ಕೂ ಸೇರಿಲ್ಲ. ಆದ್ದರಿಂದ ಇಲ್ಲಿಗೆ ಪಾಯಿಂಟ್ ವರ್ಗಾವಣೆಯ ದಾರಿ ಇಲ್ಲ. ಪ್ರವಾಸದ ಬುಕಿಂಗ್‌ಗೆಂದು ಬ್ಯಾಂಕು ನಡೆಸುವ ಜಾಲತಾಣದಲ್ಲಿ ಅದು ಸಿಕ್ಕರೆ ಸರಿ, ಇಲ್ಲವಾದರೆ ನೇರವಾಗಿ ಕಾರ್ಡಿನಲ್ಲಿ ಕಾದಿರಿಸಿ ಪಾಯಿಂಟ್‌ಗಳನ್ನು ಬಿಲ್ಲಿಗೆ ಹೊಂದಿಸಬೇಕು.

ಮಹಾರಾಷ್ಟ್ರದ ಖೋಪೋಲಿಯಲ್ಲಿ 2013ರಲ್ಲಿ ತೆರೆದ ಇಮ್ಯಾಜಿಕಾ ಪಾರ್ಕಿನ ಪಕ್ಕದಲ್ಲೇ ಇರುವ ನೊವೊಟೆಲ್ ಇಮ್ಯಾಜಿಕಾ ಅಕೋರ್ ಬಳಗದ ಹೋಟೆಲ್. ಮತ್ಸ್ಯಗಂಧ ರೈಲಿನಲ್ಲಿ ಮಂಗಳೂರಿನಿಂದಲೋ ಉಡುಪಿಯಿಂದಲೋ ಹೊರಟರೆ ಪನ್ವೇಲ್‌ನಲ್ಲಿ ಇಳಿದು ಅಲ್ಲಿಂದ ರಸ್ತೆಯಲ್ಲಿ ಹೋಗಬಹುದು. ಪಾರ್ಕ್, ಹೋಟೆಲ್, ವರ್ಗಾವಣೆ ಮೂರೂ ಒಟ್ಟಿಗೆ ಕೂಡಿಬರುವ ಜಾಗ ನಮ್ಮ ದೇಶದಲ್ಲಿ ಅಪರೂಪ, ಹಾಗಾಗಿ ಕರಾವಳಿಯ ಕುಟುಂಬಕ್ಕೆ ಮೊದಲ ಪ್ರಯತ್ನಕ್ಕೆ ನಾನು ಸೂಚಿಸುವುದು ಇದನ್ನೇ.

ಬಜಪೆಯಿಂದ ನೇರ ವಿಮಾನವಿರುವ ದುಬೈ ಮತ್ತು ಅಬುಧಾಬಿ ಇನ್ನೊಂದು ಆಯ್ಕೆ. ಅಣ್ಣನೋ ಚಿಕ್ಕಪ್ಪನೋ ಅಲ್ಲಿರುವ ಮನೆಗಳು ನಮ್ಮಲ್ಲಿ ಬಹಳ, ಆದರೂ ಪಾರ್ಕಿನ ಬಳಿ ಎರಡು ರಾತ್ರಿ ಉಳಿದರೆ ಮಕ್ಕಳಿಗೆ ಓಡಾಟದ ಆಯಾಸ ತಪ್ಪುತ್ತದೆ. ಮೋಷನ್‌ಗೇಟ್ ಮತ್ತು ಲೆಗೊಲ್ಯಾಂಡ್ ಇರುವ ದುಬೈ ಪಾರ್ಕ್ಸ್ ಆ್ಯಂಡ್ ರೆಸಾರ್ಟ್ಸ್ ಆವರಣದ ಲಪೀಟಾ ಹೋಟೆಲ್ ಮ್ಯಾರಿಯಟ್ ಬಳಗದ್ದು. ಅಬುಧಾಬಿಯ ಯಾಸ್ ದ್ವೀಪದಲ್ಲಿ ಫೆರಾರಿ ವರ್ಲ್ಡ್ 2010ರಿಂದ, ವಾರ್ನರ್ ಬ್ರದರ್ಸ್ ವರ್ಲ್ಡ್ 2018ರಿಂದ, ಸೀವರ್ಲ್ಡ್ 2023ರಿಂದ ಇವೆ. ಅಲ್ಲಿಯ ಡಬ್ಲ್ಯುಬಿ ಅಬುಧಾಬಿ ಮತ್ತು ಹಿಲ್ಟನ್ ಯಾಸ್ ಐಲ್ಯಾಂಡ್ ಹಿಲ್ಟನ್ ಬಳಗಕ್ಕೂ, ಡಬ್ಲ್ಯು ಅಬುಧಾಬಿ ಮ್ಯಾರಿಯಟ್ ಬಳಗಕ್ಕೂ ಸೇರಿವೆ.

ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಇರುವ ರೆಸಾರ್ಟ್ಸ್ ವರ್ಲ್ಡ್ ಸೆಂಟೋಸಾದ ಹೋಟೆಲ್‌ಗಳು, ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್‌ನ ಸ್ವಂತ ಹೋಟೆಲ್‌ಗಳು, ಇವು ವಂಡರ್‌ಲಾ ರೆಸಾರ್ಟಿನಂತೆಯೇ ಈ ಬಳಗಗಳ ಹೊರಗಿವೆ. ಹೋಟೆಲಿನ ಹೆಸರಿನಲ್ಲಿ ಪಾರ್ಕಿನ ಹೆಸರು ಇದ್ದ ಮಾತ್ರಕ್ಕೆ ಪಾಯಿಂಟ್ ನಡೆಯುತ್ತದೆ ಎಂದು ತಿಳಿಯಬಾರದು. ಬಳಗದ ಅಧಿಕೃತ ಆ್ಯಪ್‌ನಲ್ಲಿ ಹುಡುಕಿದಾಗ ಆ ಹೋಟೆಲ್ ಕಾಣಿಸಿಕೊಂಡರೆ ಮಾತ್ರ ನಂಬಿ.

4. ಮೂರು ದಾರಿಗಳನ್ನು ಬೇರೆ ಬೇರೆ ಇಟ್ಟು ನೋಡಿ

ಮೊದಲನೆಯ ದಾರಿ ಬ್ಯಾಂಕಿನ ಪ್ರವಾಸ ಜಾಲತಾಣ. ಎಚ್‌ಡಿಎಫ್‌ಸಿಗೆ ಸ್ಮಾರ್ಟ್‌ಬೈ, ಆಕ್ಸಿಸ್‌ಗೆ ಟ್ರಾವೆಲ್ ಎಡ್ಜ್ ಇರುವಂತೆ ಹಲವು ಬ್ಯಾಂಕುಗಳಿಗೆ ಸ್ವಂತ ತಾಣಗಳಿವೆ. ಅಲ್ಲಿ ಊರು, ದಿನಾಂಕ ಕೊಟ್ಟು ಕೋಣೆಯನ್ನು ಆರಿಸಿ ಹಣದ ಬದಲಿಗೆ ಪಾಯಿಂಟ್ ಕೊಡಬಹುದು. ಸುಲಭವಾದ ದಾರಿ ಇದು, ಬಳಗಕ್ಕೆ ಸೇರದ ಹೋಟೆಲ್‌ಗಳೂ ಸಿಗುತ್ತವೆ. ಆದರೆ ಪೂರ್ತಿ ಬೆಲೆಯನ್ನು ಪಾಯಿಂಟ್‌ನಲ್ಲಿ ಕೊಡಲು ಕೆಲವು ಕಾರ್ಡ್‌ಗಳು ಬಿಡುವುದಿಲ್ಲ. ಶೇ 70ರವರೆಗೆ ಪಾಯಿಂಟ್, ಉಳಿದದ್ದು ಹಣ ಎಂಬಂಥ ಮಿತಿ ಇರುತ್ತದೆ. ಮೂರನೆಯವರ ಮೂಲಕ ಆದ ಬುಕಿಂಗ್ ಎಂದು ಹೋಟೆಲ್ ಪರಿಗಣಿಸುವುದರಿಂದ ಬಳಗದ ಸದಸ್ಯರಿಗೆ ಸಿಗುವ ಸವಲತ್ತುಗಳು ಸಾಮಾನ್ಯವಾಗಿ ಸಿಗುವುದಿಲ್ಲ.

ಎರಡನೆಯದು ವರ್ಗಾವಣೆ. ಬ್ಯಾಂಕಿನ ಪಾಯಿಂಟ್ ಬಳಗದ ಪಾಯಿಂಟ್ ಆಗಿ ಬದಲಾಗುತ್ತದೆ, ಆಮೇಲೆ ಬಳಗದ ತಾಣದಲ್ಲಿ ಕೋಣೆ ಕಾದಿರಿಸಬೇಕು. ಲಾಭ ಹೆಚ್ಚು ಸಿಗುವುದು ಇಲ್ಲಿ, ತಪ್ಪು ಹೆಚ್ಚು ಆಗುವುದೂ ಇಲ್ಲಿ. ಒಂದಕ್ಕೆ ಎಷ್ಟು ಎಂಬ ವಿನಿಮಯ ಪ್ರಮಾಣ ಒಂದೇ ಬ್ಯಾಂಕಿನ ಎರಡು ಕಾರ್ಡ್‌ಗಳಿಗೂ ಬೇರೆ ಇರಬಹುದು, ಮತ್ತು ಬ್ಯಾಂಕುಗಳು ಅದನ್ನು ಬದಲಿಸುತ್ತಿರುತ್ತವೆ. ಕಳೆದ ವರ್ಷ ಸ್ನೇಹಿತರೊಬ್ಬರು ಹೇಳಿದ ಪ್ರಮಾಣವನ್ನು ನಂಬಿ ಲೆಕ್ಕ ಹಾಕಬೇಡಿ. ಇಂದು ನಿಮ್ಮ ಲಾಗಿನ್‌ನಲ್ಲಿ ಕಾಣುವುದೇ ಲೆಕ್ಕ. ವರ್ಷಕ್ಕೆ ಇಷ್ಟೇ ವರ್ಗಾಯಿಸಬಹುದು ಎಂಬ ಮಿತಿಯೂ ಇರಬಹುದು.

ಮೂರನೆಯದು ಬಿಲ್ಲಿಗೆ ಹೊಂದಿಸುವುದು, ಬ್ಯಾಂಕಿನ ಭಾಷೆಯಲ್ಲಿ ಸ್ಟೇಟ್‌ಮೆಂಟ್ ಕ್ರೆಡಿಟ್. ಅಥವಾ ಪ್ರವಾಸ ಕಂಪನಿಗಳ ಗಿಫ್ಟ್ ವೋಚರ್ ಪಡೆಯುವುದು. ಪಾಯಿಂಟ್‌ಗೆ ಸಾಮಾನ್ಯವಾಗಿ ಕಡಿಮೆ ಬೆಲೆ ಸಿಗುವುದು ಬಿಲ್ಲಿಗೆ ಹೊಂದಿಸಿದಾಗ. ಆದರೆ ಹೋಟೆಲಿನವರೇ ಕೊಡುವ, ಪಾರ್ಕ್ ಪ್ರವೇಶವೂ ಸೇರಿದ ಅಗ್ಗದ ಪ್ಯಾಕೇಜನ್ನು ನೇರವಾಗಿ ಕೊಳ್ಳುವ ಸ್ವಾತಂತ್ರ್ಯ ಈ ದಾರಿಯಲ್ಲಿ ಮಾತ್ರ ಪೂರ್ತಿಯಾಗಿ ಉಳಿಯುತ್ತದೆ.

5. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಎಂದು ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಮಾಡುವಿರಾದರೆ ಇದನ್ನು ಮಾಡಿ. ಸೂತ್ರ ಸರಳ: ಅದೇ ಹೋಟೆಲಿನ, ಅದೇ ದಿನದ, ಅದೇ ಬಗೆಯ ಕೋಣೆಗೆ ತೆರಿಗೆ ಸೇರಿಸಿ ಎಲ್ಲಕ್ಕಿಂತ ಕಡಿಮೆ ಹಣದ ಬೆಲೆ ಎಷ್ಟು ಎಂದು ನೋಡಿ, ಪಾಯಿಂಟ್ ಬಳಸಿದರೂ ಕೈಯಿಂದ ಕೊಡಬೇಕಾಗುವ ಹಣವನ್ನು ಅದರಿಂದ ಕಳೆಯಿರಿ, ಉಳಿದದ್ದನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ. ಬಂದದ್ದು ನಿಮ್ಮ ಒಂದು ಪಾಯಿಂಟ್‌ನ ನಿಜವಾದ ಬೆಲೆ.

ಲೆಕ್ಕಕ್ಕಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕೋಣೆಯ ಬಾಡಿಗೆ 9,000 ರೂಪಾಯಿ. ದಿನಕ್ಕೆ 7,500 ರೂಪಾಯಿ ದಾಟಿದ ಕೋಣೆಗೆ ಶೇ 18 ಜಿಎಸ್‌ಟಿ ಇರುವುದರಿಂದ ಒಟ್ಟು 10,620 ರೂಪಾಯಿ. ನಿಮ್ಮ ಕಾರ್ಡಿನ ಪಾಯಿಂಟ್‌ಗೆ ಬ್ಯಾಂಕಿನ ತಾಣದಲ್ಲಿ 30 ಪೈಸೆ, ಬಿಲ್ಲಿಗೆ ಹೊಂದಿಸಿದರೆ 20 ಪೈಸೆ, ಅಕೋರ್‌ಗೆ ವರ್ಗಾಯಿಸಿದರೆ 5 ಪಾಯಿಂಟ್‌ಗೆ 1 ಎಂದಿರಲಿ.

ಬ್ಯಾಂಕಿನ ತಾಣದಲ್ಲಿ ಶೇ 70ರ ಮಿತಿ ಇದ್ದರೆ 7,434 ರೂಪಾಯಿಯ ಪಾಲಿಗೆ 24,780 ಪಾಯಿಂಟ್ ಕೊಟ್ಟು, 3,186 ರೂಪಾಯಿಯನ್ನು ಕಾರ್ಡಿನಲ್ಲಿ ಕಟ್ಟಬೇಕು. ಕೇಳಲು ಚೆನ್ನಾಗಿದೆ. ಆದರೆ ಹೋಟೆಲಿನ ಸ್ವಂತ ತಾಣದಲ್ಲಿ 10,620 ಇರುವ ಕೋಣೆ ಬ್ಯಾಂಕಿನ ತಾಣದಲ್ಲಿ 11,800 ಎಂದು ತೋರಿಸುವುದು ಅಪರೂಪವಲ್ಲ. ಆಗ ನೀವು 30 ಪೈಸೆ ಎಂದು ತಿಳಿದದ್ದು ನಿಜದಲ್ಲಿ ಸುಮಾರು 26 ಪೈಸೆ. ಅದೇ ಬ್ಯಾಂಕಿನ ತಾಣದಲ್ಲಿ ಹೋಟೆಲಿನ ಬೆಲೆಗಿಂತ ಕಡಿಮೆ ಬೆಲೆ ಸಿಗುವ ದಿನಗಳೂ ಇವೆ. ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟು ನೋಡಬೇಕು.

ಅಕೋರ್‌ನ ಲೆಕ್ಕ ಬೇರೆ ಬಗೆಯದು. ಅಲ್ಲಿ 2,000 ಪಾಯಿಂಟ್‌ಗೆ 40 ಯೂರೋ ಕಡಿತ ಎಂದು ನಿಗದಿಯಾಗಿದೆ, ಮತ್ತು ಪಾಯಿಂಟ್‌ಗಳನ್ನು 2,000ದ ಗುಣಕದಲ್ಲಿಯೇ ಬಳಸಬೇಕು. ಲೆಕ್ಕದ ಅನುಕೂಲಕ್ಕೆ ಯೂರೋಗೆ 100 ರೂಪಾಯಿ ಎಂದಿಟ್ಟರೆ 2,000 ಪಾಯಿಂಟ್‌ಗೆ 4,000 ರೂಪಾಯಿ. ನೀವು 25,000 ಬ್ಯಾಂಕ್ ಪಾಯಿಂಟ್‌ಗಳನ್ನು ವರ್ಗಾಯಿಸಿದರೆ 5,000 ಅಕೋರ್ ಪಾಯಿಂಟ್ ಆಗುತ್ತದೆ. ಅದರಲ್ಲಿ 4,000 ಮಾತ್ರ ಬಳಕೆಗೆ ಬರುತ್ತದೆ, 1,000 ಹಾಗೆಯೇ ಉಳಿಯುತ್ತದೆ. 20,000 ವರ್ಗಾಯಿಸಿದ್ದರೂ ಅದೇ 8,000 ರೂಪಾಯಿ ಕಡಿತ ಸಿಗುತ್ತಿತ್ತು. ಅಂದರೆ ಪಾಯಿಂಟ್‌ಗೆ 40 ಪೈಸೆ. ಬಿಲ್ಲಿಗೆ ಹೊಂದಿಸಿದ್ದರೆ ಅದೇ 20,000ಕ್ಕೆ 4,000 ರೂಪಾಯಿ. ಅಕೋರ್‌ನ ಈ ಪದ್ಧತಿಯ ಇನ್ನೊಂದು ಒಳ್ಳೆಯ ಗುಣವೆಂದರೆ ರಜೆಯ ದಿನವಾದರೂ ಪಾಯಿಂಟ್‌ನ ಬೆಲೆ ಇಳಿಯುವುದಿಲ್ಲ. ಕೋಣೆಯ ಬೆಲೆ ಏರಬಹುದು, ಕಡಿತ ಅಷ್ಟೇ ಇರುತ್ತದೆ.

ಮ್ಯಾರಿಯಟ್ ಮತ್ತು ಹಿಲ್ಟನ್‌ನಲ್ಲಿ ಹಾಗಿಲ್ಲ. ಒಂದು ರಾತ್ರಿಗೆ ಎಷ್ಟು ಪಾಯಿಂಟ್ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಬೇಡಿಕೆ ನೋಡಿ ಬೆಲೆ ಏರಿಳಿಸುವ ಈ ಕ್ರಮಕ್ಕೆ ಡೈನಾಮಿಕ್ ಪ್ರೈಸಿಂಗ್ ಎನ್ನುತ್ತಾರೆ. ಗುರುವಾರ 20,000 ಕೇಳುವ ಕೋಣೆ ಶನಿವಾರ 30,000 ಕೇಳಬಹುದು. ಆದ್ದರಿಂದ ಒಂದು ದಿನಾಂಕವನ್ನು ಹಿಡಿದು ಕೂರದೆ ತಿಂಗಳಿಡೀ ನೋಡಿ. ಮ್ಯಾರಿಯಟ್‌ನಲ್ಲಿ ಒಂದೇ ಹೋಟೆಲಿನಲ್ಲಿ ಸತತ ಐದು ರಾತ್ರಿ ಪಾಯಿಂಟ್‌ನಲ್ಲಿ ಕಾದಿರಿಸಿದರೆ ಒಂದು ರಾತ್ರಿ ಉಚಿತ. ರಾತ್ರಿಗೆ 20,000 ಇದ್ದರೆ ಐದಕ್ಕೂ 80,000 ಸಾಕು. ಇದು ಎಲ್ಲ ಸದಸ್ಯರಿಗೂ ಅನ್ವಯಿಸುತ್ತದೆ. ಹಿಲ್ಟನ್‌ನಲ್ಲಿ ಇಂಥದೇ ಸೌಲಭ್ಯ ಸಿಲ್ವರ್ ಮತ್ತು ಅದಕ್ಕಿಂತ ಮೇಲಿನ ದರ್ಜೆಯ ಸದಸ್ಯರಿಗೆ ಮಾತ್ರ ಸಿಗುತ್ತದೆ.

ಎಚ್‌ಡಿಎಫ್‌ಸಿ ಬ್ಯಾಂಕು 2023ರಲ್ಲಿ ಮ್ಯಾರಿಯಟ್ ಜೊತೆ ಸೇರಿ ತಂದ ಕಾರ್ಡಿನಂಥವುಗಳಲ್ಲಿ ಪಾಯಿಂಟ್ ಅಲ್ಲದೆ ಉಚಿತ ರಾತ್ರಿಯ ಪತ್ರವೂ ಬರುತ್ತದೆ. 15,000 ಪಾಯಿಂಟ್‌ವರೆಗಿನ ಕೋಣೆಗೆ ಅದು ಸಲ್ಲುತ್ತದೆ. ಕೋಣೆ ಅದಕ್ಕಿಂತ ಹೆಚ್ಚು ಕೇಳಿದರೆ ನಿಮ್ಮ ಖಾತೆಯಿಂದ ಒಂದು ಮಿತಿಯವರೆಗೆ ಪಾಯಿಂಟ್ ಸೇರಿಸಿ ತುಂಬಿಸಿಕೊಳ್ಳಬಹುದು. ಆ ಪತ್ರಕ್ಕೂ ಮುಗಿಯುವ ದಿನಾಂಕ ಇರುತ್ತದೆ, ಅದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

6. ಖಾತೆ ತೆರೆಯಿರಿ, ಹೆಸರು ಸರಿಪಡಿಸಿ, ಕೋಣೆ ಕಂಡ ಮೇಲೆ ವರ್ಗಾಯಿಸಿ

ವರ್ಗಾವಣೆಯ ದಾರಿ ನಿಮಗೆ ಲಾಭದಾಯಕ ಎಂದು ಕಂಡರೆ ಬಳಗದ ಸದಸ್ಯತ್ವವನ್ನು ಕೂಡಲೇ ಮಾಡಿಕೊಳ್ಳಿ. ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಗಳವರು ವಿಶೇಷ ಜಾಗ್ರತೆ ವಹಿಸಬೇಕು. ಕಾರ್ಡಿನಲ್ಲಿ ಊರಿನ ಹೆಸರಿನ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಶೆಟ್ಟಿ, ಭಟ್, ಪೂಜಾರಿ, ಡಿಸೋಜ ಎಂಬ ಕುಲನಾಮ, ಹೀಗೆ ಒಬ್ಬರಿಗೇ ಮೂರು ಬಗೆಯ ಹೆಸರು ಇರುವುದು ಇಲ್ಲಿ ಸಾಮಾನ್ಯ. ಬ್ಯಾಂಕಿನಲ್ಲಿರುವ ಹೆಸರಿಗೂ ಬಳಗದ ಖಾತೆಯ ಹೆಸರಿಗೂ ಹೊಂದಿಕೆಯಾಗದಿದ್ದರೆ ವರ್ಗಾವಣೆ ತಿರಸ್ಕೃತವಾಗಬಹುದು, ಇಲ್ಲವೇ ವಾರಗಟ್ಟಲೆ ತಡೆಯಾಗಬಹುದು. ಹೊರದೇಶದ ಪ್ರವಾಸವಿದ್ದರೆ ಮೂರನ್ನೂ ಪಾಸ್‌ಪೋರ್ಟಿಗೆ ಹೊಂದಿಸಿಕೊಳ್ಳುವುದು ಒಳ್ಳೆಯದು, ಮತ್ತು ಅದಕ್ಕೆ ಬೇಕಾದ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ.

ಬಹುಮುಖ್ಯವಾದ ಎಚ್ಚರಿಕೆ: ವರ್ಗಾಯಿಸಿದ ಪಾಯಿಂಟ್ ಬ್ಯಾಂಕಿಗೆ ಮರಳಿ ಬರುವುದಿಲ್ಲ. ಬೇಕಾದ ದಿನಕ್ಕೆ ಬೇಕಾದ ಕೋಣೆ ಪಾಯಿಂಟ್‌ನಲ್ಲಿ ಸಿಗುತ್ತಿದೆ ಎಂದು ಪರದೆಯ ಮೇಲೆ ಕಣ್ಣಾರೆ ಕಾಣುವವರೆಗೆ ಒಂದು ಪಾಯಿಂಟನ್ನೂ ಕಳುಹಿಸಬೇಡಿ. ನಾನೇ ಒಮ್ಮೆ ಮೇ ತಿಂಗಳ ರಜೆಗೆಂದು ಮೊದಲು ವರ್ಗಾಯಿಸಿ ಆಮೇಲೆ ಕೋಣೆ ಹುಡುಕಿದೆ. ಆ ವಾರ ಪಾಯಿಂಟ್‌ಗೆ ಕೊಡುವ ಕೋಣೆಗಳು ಮುಗಿದಿದ್ದವು, ನನ್ನ ಪಾಯಿಂಟ್‌ಗಳು ಹದಿನೈದು ತಿಂಗಳು ಆ ಖಾತೆಯಲ್ಲೇ ಕುಳಿತವು. ವರ್ಗಾವಣೆ ಕೆಲವೊಮ್ಮೆ ಕ್ಷಣದಲ್ಲಿ, ಕೆಲವೊಮ್ಮೆ ಹಲವು ದಿನಗಳಲ್ಲಿ ಆಗುತ್ತದೆ. ನಿಮ್ಮ ಬ್ಯಾಂಕು ದಿನಗಟ್ಟಲೆ ತೆಗೆದುಕೊಳ್ಳುವುದಾದರೆ, ಉಚಿತವಾಗಿ ರದ್ದು ಮಾಡಬಹುದಾದ ಬೆಲೆಯಲ್ಲಿ ಅದೇ ಕೋಣೆಯನ್ನು ಹಣದ ಲೆಕ್ಕದಲ್ಲಿ ಕಾದಿರಿಸಿಟ್ಟುಕೊಳ್ಳಿ. ಪಾಯಿಂಟ್ ಬಂದು ಆ ಬುಕಿಂಗ್ ಖಚಿತವಾದ ಮೇಲೆ ಹಣದ ಬುಕಿಂಗನ್ನು ಗಡುವಿನೊಳಗೆ ರದ್ದು ಮಾಡಿ.

ಗಂಡ ಹೆಂಡತಿ ಇಬ್ಬರಿಗೂ ಪ್ರತ್ಯೇಕ ಕಾರ್ಡ್‌ಗಳಿದ್ದು ಪಾಯಿಂಟ್ ಎರಡು ಕಡೆ ಹಂಚಿಹೋಗಿದ್ದರೆ, ಮ್ಯಾರಿಯಟ್‌ನಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಷಕ್ಕೆ 1,00,000 ಪಾಯಿಂಟ್‌ವರೆಗೆ ಕಳುಹಿಸಬಹುದು. ಹಿಲ್ಟನ್‌ನಲ್ಲಿಯೂ ಕುಟುಂಬದವರ ಪಾಯಿಂಟ್‌ಗಳನ್ನು ಶುಲ್ಕವಿಲ್ಲದೆ ಒಂದುಗೂಡಿಸಬಹುದು. ಆಗಷ್ಟೇ ತೆರೆದ ಖಾತೆಗೆ ಕಾಯುವ ಅವಧಿ ಇರುವುದರಿಂದಲೇ ಸದಸ್ಯತ್ವವನ್ನು ಮೊದಲೇ ಮಾಡಿಟ್ಟುಕೊಳ್ಳಿ ಎಂದದ್ದು. ಬಳಗದ ಖಾತೆಯಲ್ಲಿಯೂ ಪಾಯಿಂಟ್ ಶಾಶ್ವತವಲ್ಲ: ಮ್ಯಾರಿಯಟ್ ಮತ್ತು ಹಿಲ್ಟನ್‌ನಲ್ಲಿ 24 ತಿಂಗಳು ಯಾವ ಚಟುವಟಿಕೆಯೂ ಇಲ್ಲದಿದ್ದರೆ, ಅಕೋರ್‌ನಲ್ಲಿ ಒಂದು ವರ್ಷ ಇಲ್ಲದಿದ್ದರೆ ಅವು ರದ್ದಾಗುತ್ತವೆ.

7. ಕಾದಿರಿಸುವಾಗ ಓದಲೇಬೇಕಾದ ಸಾಲುಗಳು

ಪಾಯಿಂಟ್ ಕೊಟ್ಟು ಪಡೆದ ರಾತ್ರಿಗೆ ಕೋಣೆ ಮಾತ್ರ ಸಿಗುತ್ತದೆ ಎಂದೇ ಇಟ್ಟುಕೊಳ್ಳಿ. ಪಾರ್ಕಿನ ಪ್ರವೇಶ, ಬೆಳಗಿನ ತಿಂಡಿ, ಪಾರ್ಕಿಗೆ ಹೋಗುವ ವಾಹನ, ಇವು ಸೇರಿವೆ ಎಂದು ಬುಕಿಂಗ್ ಪುಟದಲ್ಲಿ ಬರೆದಿದ್ದರೆ ಮಾತ್ರ ಸೇರಿವೆ. ಥೀಮ್ ಪಾರ್ಕಿನ ಹೋಟೆಲ್‌ಗಳು ಟಿಕೆಟ್ ಸೇರಿಸಿ ಕೊಡುವ ಪ್ಯಾಕೇಜುಗಳು ಬಹುತೇಕ ನೇರವಾಗಿ ಹಣ ಕೊಟ್ಟು ಕೊಳ್ಳುವವರಿಗೆ ಮೀಸಲು. ನಾಲ್ಕು ಜನರ ಕುಟುಂಬಕ್ಕೆ ಪಾರ್ಕ್ ಟಿಕೆಟ್ಟೇ ಕೋಣೆಯ ಬೆಲೆಯನ್ನು ಮೀರುವ ದಿನಗಳಿರುತ್ತವೆ. ಹಾಗಿರುವಲ್ಲಿ ಕೋಣೆಯನ್ನು ಪಾಯಿಂಟ್‌ನಲ್ಲಿ ಪಡೆದು ಟಿಕೆಟ್‌ಗಳನ್ನು ಬೇರೆಯಾಗಿ ಕೊಳ್ಳುವುದು, ಪ್ಯಾಕೇಜನ್ನು ಹಣಕ್ಕೆ ಕೊಂಡು ಪಾಯಿಂಟನ್ನು ಬಿಲ್ಲಿಗೆ ಹೊಂದಿಸುವುದು, ಈ ಎರಡರ ಒಟ್ಟು ಖರ್ಚನ್ನು ಹೋಲಿಸಿಯೇ ತೀರ್ಮಾನಿಸಬೇಕು. ಐದನೆಯ ಹಂತದ ಪೈಸೆಯ ಲೆಕ್ಕ ಎಷ್ಟೇ ಚೆನ್ನಾಗಿ ಬಂದಿರಲಿ, ಕೊನೆಗೆ ನೋಡಬೇಕಾದದ್ದು ಮನೆಯಿಂದ ಹೊರಡುವ ಒಟ್ಟು ಹಣ.

ಮಕ್ಕಳ ವಿಷಯದಲ್ಲಿ ಹೋಟೆಲ್ ನೋಡುವುದು ವಯಸ್ಸನ್ನು, ಹಲವು ಪಾರ್ಕ್‌ಗಳು ನೋಡುವುದು ಎತ್ತರವನ್ನು. ಒಂದು ಕೋಣೆಗೆ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಸಲ್ಲುತ್ತಾರೆಯೇ, ಹೆಚ್ಚುವರಿ ಹಾಸಿಗೆಗೆ ಎಷ್ಟು ಎಂಬುದನ್ನು ಹುಡುಕುವಾಗಲೇ ಮಕ್ಕಳ ವಯಸ್ಸು ಕೊಟ್ಟು ನೋಡಿ. ಇಬ್ಬರು ಎಂದು ಕಾದಿರಿಸಿ ನಾಲ್ವರು ಹೋಗಿ ನಿಂತರೆ ಕೌಂಟರಿನಲ್ಲಿ ಕೇಳುವ ಹೆಚ್ಚುವರಿ ಹಣಕ್ಕೆ ಪಾಯಿಂಟ್ ನಡೆಯುವುದಿಲ್ಲ. ಅಜ್ಜ ಅಜ್ಜಿಯರೂ ಜೊತೆಗಿದ್ದರೆ ಎರಡು ಕೋಣೆಗಳನ್ನು ಒಂದೇ ಬುಕಿಂಗ್‌ನಲ್ಲಿ ಪಡೆದು, ಅಕ್ಕಪಕ್ಕ ಕೊಡುವಂತೆ ಹೋಟೆಲಿಗೆ ಫೋನು ಮಾಡಿ ಕೇಳಿ.

ಹೊರದೇಶದಲ್ಲಿ ಪಾಯಿಂಟ್‌ಗೆ ಒಳಪಡದ ಖರ್ಚುಗಳಿವೆ. ದುಬೈಯಲ್ಲಿ ಟೂರಿಸಂ ದಿರ್ಹಂ ಎಂಬ ಶುಲ್ಕವನ್ನು ಹೋಟೆಲಿನ ದರ್ಜೆಗೆ ತಕ್ಕಂತೆ ಕೋಣೆಗೆ, ರಾತ್ರಿಗೆ ಇಷ್ಟು ಎಂದು ಹೋಟೆಲಿನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಪಂಚತಾರಾ ಹೋಟೆಲಿನಲ್ಲಿ ಅದು 20 ದಿರ್ಹಂ. ಕೆಲವು ಕಡೆ ರೆಸಾರ್ಟ್ ಶುಲ್ಕವೂ ಇದೆ. ಹಿಲ್ಟನ್ ಪೂರ್ತಿ ಪಾಯಿಂಟ್‌ನ ಬುಕಿಂಗ್‌ಗೆ ಅದನ್ನು ಬಿಟ್ಟುಕೊಡುತ್ತದೆ, ಎಲ್ಲ ಬಳಗಗಳೂ ಬಿಡುವುದಿಲ್ಲ. ಈ ಮೊತ್ತಗಳನ್ನು ಐದನೆಯ ಹಂತದ "ಕೈಯಿಂದ ಕೊಡಬೇಕಾಗುವ ಹಣ" ಎಂಬಲ್ಲಿ ಸೇರಿಸಿ.

8. ರದ್ದತಿಯ ಗಡುವನ್ನು ಮಳೆಗಾಲದ ಕಣ್ಣಿನಿಂದ ನೋಡಿ

ಕರಾವಳಿಯಿಂದ ಹೊರಡುವವರಿಗೆ ಈ ಹಂತ ಬೇರೆಯವರಿಗಿಂತ ಹೆಚ್ಚು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ದಾರಿ ಏಕಾಏಕಿ ಮುಚ್ಚಬಹುದು; ಚಾರ್ಮಾಡಿಯಲ್ಲೂ ಸಂಪಾಜೆಯಲ್ಲೂ ಆಗ ದಟ್ಟಣೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ರೈಲು ನಿಂತದ್ದೂ ಉಂಟು. ಕೊಂಕಣ ರೈಲ್ವೆ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿಯನ್ನೇ ಇಟ್ಟುಕೊಂಡಿದೆ, ರೈಲುಗಳು ಆಗ ನಿಧಾನ. ಆದ್ದರಿಂದ ಈ ತಿಂಗಳುಗಳಲ್ಲಿ ಕಾದಿರಿಸುವಾಗ ರದ್ದು ಮಾಡಿದರೆ ಪಾಯಿಂಟ್ ವಾಪಸು ಬರುವ ಬುಕಿಂಗ್ ಮಾತ್ರ ಮಾಡಿ, ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ.

ವಾಪಸು ಎಂದರೆ ಎಲ್ಲಿಗೆ ಎಂದು ಕೂಡ ಕೇಳಿ. ಬಳಗದಲ್ಲಿ ಗಡುವಿನೊಳಗೆ ರದ್ದು ಮಾಡಿದರೆ ಬಳಗದ ಖಾತೆಗೆ ಪಾಯಿಂಟ್ ಮರಳುತ್ತದೆ, ಬ್ಯಾಂಕಿಗಲ್ಲ. ಬ್ಯಾಂಕಿನ ತಾಣದ ಬುಕಿಂಗ್ ಆಗಿದ್ದರೆ ರದ್ದತಿಯನ್ನು ಅದೇ ತಾಣದಲ್ಲಿ ಮಾಡಬೇಕು, ಹೋಟೆಲಿಗೆ ಫೋನು ಮಾಡಿ ಹೇಳಿದರೆ ಸಾಲದು. ಪಾಯಿಂಟ್ ಮತ್ತು ಹಣ ಬೇರೆ ಬೇರೆ ದಿನಗಳಲ್ಲಿ ಮರಳುತ್ತವೆ, ಬಳಕೆಯ ಶುಲ್ಕ ಮರಳದೆಯೂ ಇರಬಹುದು. ರದ್ದತಿಯ ಗಡುವು ಹೋಟೆಲ್ ಇರುವ ಊರಿನ ಗಡಿಯಾರದ ಪ್ರಕಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ.

9. ಹೊರಡುವ ದಿನ ಮತ್ತು ಹೋಟೆಲಿನ ಕೌಂಟರ್

ಹೊರಡುವ ಎರಡು ದಿನ ಮೊದಲು ಹೋಟೆಲಿಗೆ ನೇರವಾಗಿ ಕರೆ ಮಾಡಿ ನಿಮ್ಮ ಹೆಸರಿನಲ್ಲಿ ಕೋಣೆ ಇದೆಯೇ ಎಂದು ವಿಚಾರಿಸಿ. ಬ್ಯಾಂಕಿನ ತಾಣದಲ್ಲಿ ಕಾದಿರಿಸಿದವರು ಇದನ್ನು ಬಿಡಲೇಬಾರದು; ತಾಣದ ಸಂಖ್ಯೆ ಬೇರೆ, ಹೋಟೆಲಿನ ದೃಢೀಕರಣ ಸಂಖ್ಯೆ ಬೇರೆ, ನಿಮಗೆ ಬೇಕಾದದ್ದು ಎರಡನೆಯದು.

ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರು ಗಂಟೆಗೆ. ಮತ್ಸ್ಯಗಂಧದಲ್ಲಿ ಹೋದವರು ಪನ್ವೇಲ್‌ನಲ್ಲಿ ಬೆಳಗಿನ ಜಾವ ಇಳಿಯುತ್ತಾರೆ. ಮಂಗಳೂರಿನಿಂದ ರಾತ್ರಿ ಬಸ್ ಹತ್ತಿದವರೂ ಬೆಳಿಗ್ಗೆಯೇ ಬೆಂಗಳೂರಿನಲ್ಲಿರುತ್ತಾರೆ. ಸಾಮಾನನ್ನು ಹೋಟೆಲಿನಲ್ಲಿ ಬಿಟ್ಟು ಅದೇ ದಿನ ಪಾರ್ಕಿಗೆ ಹೋಗುವುದೋ, ಮೊದಲ ದಿನ ವಿಶ್ರಾಂತಿ ಪಡೆದು ಮರುದಿನ ಹೋಗುವುದೋ ಎಂದು ಮೊದಲೇ ನಿರ್ಧರಿಸಿ ಟಿಕೆಟ್ ದಿನಾಂಕವನ್ನು ಅದಕ್ಕೆ ಹೊಂದಿಸಿ. ರಾತ್ರಿ ಪ್ರಯಾಣ ಮಾಡಿದ ಚಿಕ್ಕ ಮಕ್ಕಳಿದ್ದರೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಆ ದಿನ ಪಾರ್ಕ್ ತೆರೆದಿದೆಯೇ, ನೀರಿನ ಆಟಗಳು ನಡೆಯುತ್ತವೆಯೇ ಎಂಬುದನ್ನೂ ಪಾರ್ಕಿನ ತಾಣದಲ್ಲಿ ನೋಡಿಕೊಳ್ಳಿ.

ಗುರುತಿಗೆ ದೊಡ್ಡವರೆಲ್ಲರ ಆಧಾರ್, ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್ ಒಯ್ಯಿರಿ. ವಿಳಾಸವಿಲ್ಲದ ಪಾನ್ ಕಾರ್ಡನ್ನು ಹಲವು ಹೋಟೆಲ್‌ಗಳು ಒಪ್ಪುವುದಿಲ್ಲ. ಪಾಯಿಂಟ್ ಯಾರ ಖಾತೆಯಿಂದ ಹೋಗಿದೆಯೋ ಅವರು ಜೊತೆಗಿರುವುದು ಒಳ್ಳೆಯದು. ನಿಮ್ಮ ಪಾಯಿಂಟ್‌ನಲ್ಲಿ ಅಪ್ಪ ಅಮ್ಮನಿಗೆ ಕೋಣೆ ಮಾಡಿಸಿದ್ದರೆ, ತಂಗುವವರ ಹೆಸರನ್ನು ಬುಕಿಂಗ್‌ನಲ್ಲಿ ಸೇರಿಸಿ ಹೋಟೆಲಿನಿಂದ ಇಮೇಲ್ ದೃಢೀಕರಣ ಪಡೆದುಕೊಳ್ಳಿ.

ಕೋಣೆಗೆ ಹಣ ಕೊಡಬೇಕಿಲ್ಲದಿದ್ದರೂ ಹೋಟೆಲ್ ನಿಮ್ಮ ಕಾರ್ಡಿನಲ್ಲಿ ಠೇವಣಿಯಾಗಿ ಒಂದು ಮೊತ್ತವನ್ನು ತಡೆಹಿಡಿಯಬಹುದು. ಇದಕ್ಕೆ ಡೆಬಿಟ್ ಕಾರ್ಡ್ ಕೊಡಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಮಿತಿ ಮಾತ್ರ ಕಡಿಮೆಯಾಗುತ್ತದೆ, ಡೆಬಿಟ್ ಕಾರ್ಡಿನಲ್ಲಿ ನಿಮ್ಮ ಹಣವೇ ಸಿಕ್ಕಿಕೊಳ್ಳುತ್ತದೆ. ಹೊರದೇಶಕ್ಕೆ ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದುಕೊಳ್ಳಿ, ಮರಳಿದ ಮೇಲೆ ಮುಚ್ಚಿ. ಅಲ್ಲಿ ಪಾವತಿ ಯಂತ್ರ "ರೂಪಾಯಿಯಲ್ಲಿ ಕೊಡುವಿರಾ, ದಿರ್ಹಂನಲ್ಲಿ ಕೊಡುವಿರಾ" ಎಂದು ಕೇಳಿದರೆ ದಿರ್ಹಂ ಎಂದೇ ಹೇಳಿ. ರೂಪಾಯಿ ಎಂದರೆ ಆ ಯಂತ್ರದವರ ದುಬಾರಿ ವಿನಿಮಯ ದರ ಬೀಳುತ್ತದೆ. ದಿರ್ಹಂನಲ್ಲಿ ಕೊಟ್ಟಾಗಲೂ ನಿಮ್ಮ ಬ್ಯಾಂಕು ಮಾರ್ಕ್‌ಅಪ್ ಎಂಬ ಹೆಸರಿನಲ್ಲಿ, ಬಹಳಷ್ಟು ಕಾರ್ಡ್‌ಗಳಲ್ಲಿ ಶೇ 2ರಿಂದ 3.5ರವರೆಗೆ, ವಿನಿಮಯ ಶುಲ್ಕವನ್ನು ಜಿಎಸ್‌ಟಿ ಸಮೇತ ಸೇರಿಸುತ್ತದೆ. ಮನೆಯಲ್ಲಿ ಎರಡು ಕಾರ್ಡ್‌ಗಳಿದ್ದರೆ ಇದು ಕಡಿಮೆ ಇರುವುದನ್ನು ಜೇಬಿನಲ್ಲಿಟ್ಟುಕೊಳ್ಳಿ.

ಕೋಣೆ ಬಿಡುವಾಗ ಮುದ್ರಿತ ಬಿಲ್ಲನ್ನು ಕೇಳಿ ಪಡೆಯಿರಿ, ಅದರಲ್ಲಿ ಕೋಣೆಯ ಬಾಡಿಗೆ ಸೊನ್ನೆ ಎಂದೋ ಪಾಯಿಂಟ್‌ನಿಂದ ಸಂದಾಯ ಎಂದೋ ಇದೆಯೇ ನೋಡಿ. ತಡೆಹಿಡಿದ ಠೇವಣಿ ಬಿಡುಗಡೆಯಾಗುವವರೆಗೆ, ಮತ್ತು ಮುಂದಿನ ಎರಡು ಸ್ಟೇಟ್‌ಮೆಂಟ್‌ಗಳು ಬರುವವರೆಗೆ, ಆ ಬಿಲ್ಲನ್ನೂ ದೃಢೀಕರಣದ ಇಮೇಲನ್ನೂ ಅಳಿಸದೆ ಇಟ್ಟುಕೊಳ್ಳಿ.